ಮೈಬಣ್ಣದ ಕೈಗವಸು

"ಇದು ನನ್ನ ಕೈಯೋ, ಒಲೆಯಿಂದ ಈಗ ತಾನೇ ತೆಗೆದ ಬ್ರೆಡ್ಡೋ?"

ಫಿಂಟನ್ ಗ್ಯಾರಿಟಿ ಹಾಸಿಗೆಯ ಮೇಲೆ ಕೂತು ಹೀಗೆ ಕೇಳಿದಾಗ ಕೋಣೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಹಿಂದಿನ ದಿನ ಸಿಡಿದು ಬಂದ ಚೆಂಡೊಂದನ್ನು ಹಿಡಿದ ಎಡಗೈ ಬೆಳಗಾಗುವುದರೊಳಗೆ ಊದಿಕೊಂಡಿತ್ತು.

ಅದು ಬೇಸ್‌ಬಾಲನ್ನು ಬರಿಗೈಯಲ್ಲಿ ಆಡುತ್ತಿದ್ದ ಕಾಲ. ಸಂಬಳಕ್ಕೆ ಆಡುವ ಗಂಡಸು ಕೈಗೆ ಚರ್ಮ ತೊಟ್ಟರೆ ಲಂಗ ತೊಟ್ಟು ಬೀದಿಗೆ ಬಂದಷ್ಟೇ ನಗೆಪಾಟಲು. ಮೈದಾನದಲ್ಲಿ ಎರಡನೇ ಬೇಸ್ ಎಂಬ ಠಾವನ್ನು ಕಾಯುತ್ತಿದ್ದ ಫಿಂಟನ್‌ನ ಬೆರಳುಗಳಲ್ಲಿ ನೆಟ್ಟಗಿದ್ದುದು ಒಂದೂ ಇಲ್ಲ. ಒಂದೊಂದು ಬೆರಳೂ ಒಂದೊಂದು ಊರಿನ ಸ್ಥಳಪುರಾಣ ಹೇಳುತ್ತಿತ್ತು. ಕಿರುಬೆರಳು ಸೊಟ್ಟಗಾದದ್ದು ಆಲ್ಬನಿಯಲ್ಲಿ, ಉಂಗುರಬೆರಳು ಟ್ರಾಯ್‌ನಲ್ಲಿ, ತೋರುಬೆರಳು ಯೂಟಿಕಾದಲ್ಲಿ ಮಳೆಗೆ ನೆನೆದ ಚೆಂಡಿನಿಂದ. ಜಪಮಾಲೆ ಹಿಡಿದರೆ ಮಣಿ ಯಾವುದು, ಬೆರಳ ಗಂಟು ಯಾವುದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಆದರೂ ಚೆಂಡು ಬರಿ ಅಂಗೈಗೆ 'ಚಟೀರ್' ಎಂದು ಬಂದು ಕೂತಾಗ, ಇಗರ್ಜಿಯ ಗಂಟೆ ಕೇಳಿದಷ್ಟು ಸುಖ.

ಇವತ್ತು ಮೈದಾನಕ್ಕಿಳಿಯದಿದ್ದರೆ ಆ ಸುಖವೂ ಇಲ್ಲ, ಕೂಳೂ ಇಲ್ಲ. ಒಂದಾಟ ತಪ್ಪಿಸಿದವನ ಜಾಗ ಇನ್ನೊಬ್ಬನಿಗೆ ಎಂಬುದು ತಂಡದ ಧಣಿ ವಿಟ್ಲಾಕರ ಕಟ್ಟಪ್ಪಣೆ. ಆ ಇನ್ನೊಬ್ಬ ಅವರ ಸೋದರಳಿಯ ಎಡ್ಗರ್. ಅವನಿಗೆ ನೆಗಡಿ ಹಿಡಿದೀತೇ ಹೊರತು ಅವನಾಗಿ ಏನನ್ನೂ ಹಿಡಿದವನಲ್ಲ.

"ಕೈ ಯಾಕೆ ಬೆನ್ನ ಹಿಂದೆ? ತೋರ್ಸು ಇಲ್ಲಿ," ಎಂದಳು ತಿಂಡಿಯ ಮೇಜಿನ ಬಳಿ, ಅವನು ಬಾಡಿಗೆಗಿದ್ದ ಮನೆಯ ಒಡತಿ ಹೊನೋರಾ. ನೋಡಿದವಳೇ ಗಂಜಿ ಕಲಕುವ ಸೌಟು ಕೆಳಗಿಟ್ಟಳು. "ಅಯ್ಯೋ ನಿನ್ನ ಆಟ ಹಾಳಾಗ! ತಡಿ."

ಆ ಊರಿನ ಕಸುಬೇ ಕೈಗವಸು. ಚಳಿಗಾಲಕ್ಕೆ ಅರ್ಧ ದೇಶದ ಕೈ ಮುಚ್ಚುತ್ತಿದ್ದ ಜನ, ತಮ್ಮ ತಂಡದವರ ಕೈ ಮಾತ್ರ ಬರಿದಾಗಿರಬೇಕೆಂದು ಪಟ್ಟು ಹಿಡಿದಿದ್ದರು. ಹೊನೋರಾ ಮನೆಯಲ್ಲೇ ಕೂತು ಗವಸು ಹೊಲಿದು ಬದುಕುವವಳು. ಗಂಜಿ ಆರುವುದರೊಳಗೆ ಎಳೆ ಮೇಕೆಯ ಚರ್ಮದಲ್ಲಿ, ಥೇಟ್ ಮೈಬಣ್ಣದಲ್ಲಿ, ಬೆರಳ ತುದಿ ಬಿಟ್ಟ ಗವಸೊಂದು ಅವನ ಕೈಯೇರಿತು.

"ಹತ್ರ ಬಂದು ಮೂಸಿದ್ರೂ ಯಾರಿಗೂ ಗೊತ್ತಾಗಲ್ಲ ಹೋಗು," ಎಂದಳು.

ಬೀದಿಯ ಮೊದಲ ತಿರುವಿನಲ್ಲೇ ಒಬ್ಬರು ಮೂಸಿದರು. ಚರ್ಮ ಕತ್ತರಿಸುವ ಪೆಟಿಟ್ ತಾತ.

"ಏನಯ್ಯಾ, ಜೇಬಲ್ಲಿ ಮೇಕೆ ಮರಿ ಸಾಕಿದೀಯಾ? ತೆಗಿ ಹೊರಗೆ."

ಫಿಂಟನ್ ತೆಗೆದ. "ತಾತ, ನಿಮ್ಮ ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

"ಹೇಳಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ. ಆದ್ರೆ ಇದೇನು, ಚರ್ಮ ನೆನೆಸಿ ಎಳೀದೇ ತೊಡ್ಸಿಬಿಟ್ಟಿದಾಳಲ್ಲ ಹೊನೋರಾ!" ತಾತ ಅವನ ಕೈಯನ್ನು ಕುದುರೆಯ ನೀರಿನ ತೊಟ್ಟಿಗದ್ದಿ, ಹಸುವಿನ ಕೆಚ್ಚಲು ಎಳೆದಂತೆ ಎಳೆದರು. ಫಿಂಟನ್‌ಗೆ ಹಗಲಲ್ಲೇ ನಕ್ಷತ್ರ ಕಂಡವು.

ಹೊಳೆಯ ಸೇತುವೆಯ ಪಕ್ಕ, ತನ್ನ ಅಂಗಡಿಯ ಬಾಗಿಲಲ್ಲಿ, ಚರ್ಮಕ್ಕೆ ಬಣ್ಣ ಹಾಕುವ ಬರ್ ಎಂಬವನು ಸಿಕ್ಕ. ಅವನಿಗೆ ಕಣ್ಣೇ ಸಾಕಾಯಿತು.

"ಮುಖ ಬಿಸಿಲಿಗೆ ತಾಮ್ರ, ಕೈ ಮಾತ್ರ ಕೆನೆ! ಯಾರ ಕೈ ಕಡ ತಂದ್ಯೋ ಮಾರಾಯ? ಬಾ ಒಳಗೆ."

"ಬೇಡಣ್ಣ, ಹೊತ್ತಾಯ್ತು."

"ನಮ್ಮೂರಿನ ಬಣ್ಣ ನೋಡಿ ಪಕ್ಕದೂರಿನೋರು ನಗಬೇಕಾ? ನನ್ನ ಬಾಯಿಂದ ಗುಟ್ಟು ಹೊರಬೀಳಲ್ಲ, ಹೆದರ್ಬೇಡ." ಎರಡು ಸಲ ಆಕ್ರೋಟದ ಸಿಪ್ಪೆಯ ರಸ ಬಳಿದ ಮೇಲೇ ಬಿಟ್ಟ.

ಫಿಂಟನ್ ಮೈದಾನ ಮುಟ್ಟುವಷ್ಟರಲ್ಲಿ ಗುಟ್ಟನ್ನು ಕಾಯುವವರ ಸಂಖ್ಯೆ ಪಂದ್ಯ ನೋಡುವವರಿಗಿಂತ ಹೆಚ್ಚಾಗಿತ್ತು. ಅವನು ಕಂಡೊಡನೆ ಎಲ್ಲರೂ ಒಟ್ಟಿಗೆ ಆಕಾಶ ನೋಡಿದರು.

ಮೊದಲ ಚೆಂಡು ಬಂತು. 'ಚಟೀರ್' ಎನ್ನಬೇಕಾದದ್ದು 'ಧಪ್' ಎಂದಿತು. ಚರ್ಮದಲ್ಲೇ ಹುಟ್ಟಿ ಬೆಳೆದ ಆ ಊರಿನ ಕಿವಿಗಳೆಲ್ಲ ನಿಮಿರಿದವು. ನೋವಿರಲಿಲ್ಲ, ನಿಜ. ಆದರೆ ತೀರಿಕೊಂಡವರ ದನಿಯನ್ನು ನೆನೆದುಕೊಂಡಂತೆ ಫಿಂಟನ್ ಒಂದು ಗಳಿಗೆ ಚೆಂಡನ್ನೇ ನೋಡುತ್ತ ನಿಂತ.

ಕಡೆಯ ಸರದಿಯಲ್ಲಿ ಎದುರಾಳಿ ಬಾರಿಸಿದ ಚೆಂಡು ಗುಂಡಿನಂತೆ ಬಂತು. ಫಿಂಟನ್ ಹಾರಿ, ಮಣ್ಣಲ್ಲಿ ಉರುಳಿ, ಎಡಗೈ ಎತ್ತಿ ತೋರಿಸಿದ. ಚೆಂಡು ಅಂಗೈಯಲ್ಲಿತ್ತು! ಪಂದ್ಯ ಗೆದ್ದಾಗಿತ್ತು! ಜನ ಹುಚ್ಚೆದ್ದು ಕುಣಿದರು.

"ನೋಡಿದ್ರಾ ನನ್ನ ಎಳೆತ?" ಎಂದು ಪೆಟಿಟ್ ತಾತ ಬೆಂಚು ಹತ್ತಿದರು.

"ಬಣ್ಣ ಒಂಚೂರು ಬಿಟ್ಟಿದ್ರೆ ಕೇಳಿ!" ಎಂದು ಬರ್ ಕೂಗಿದ.

"ಹೊಲಿಗೆ ಯಾರದ್ದು ಅಂತ ಬೊಗಳ್ರೋ ಮೊದ್ಲು!" ಎಂದು ಹೊನೋರಾ ಕೊಡೆ ಬೀಸಿದಳು.

ಗುಟ್ಟು ಹೀಗೆ ಮೂರು ಬಾಯಲ್ಲಿ ಒಟ್ಟಿಗೆ ರಟ್ಟಾಯಿತು. ಗ್ಯಾರಿಟಿ ಎಂಬ ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಆ ಗದ್ದಲದಲ್ಲಿ ಕೇಳಿಸಿತು.

ವಿಟ್ಲಾಕ್ ಧಣಿ ಎದ್ದು ಬಂದರು. ಊರಿನ ದೊಡ್ಡ ಗವಸಿನ ಕಾರ್ಖಾನೆಯೂ ಅವರದೇ. ಫಿಂಟನ್ ತಲೆ ತಗ್ಗಿಸಿ ನಿಂತ. ಧಣಿ ಅವನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ, ಒತ್ತಿ ನೋಡಿ, ಮುಗುಳ್ನಕ್ಕರು.

"ಭೇಷ್ ಗ್ಯಾರಿಟಿ! ಇಷ್ಟು ದಿನ ನಮ್ಮ ಕಣ್ಣೆಲ್ಲಿತ್ತು? ಬೇಸಿಗೇಲೂ ಕಾರ್ಖಾನೆ ನಡೆಯೋ ದಾರಿ ಇದು. ಇನ್ಮೇಲೆ ನಮ್ಮ ತಂಡದವರೆಲ್ಲ ರಾಜಾರೋಷವಾಗಿ ಇದನ್ನೇ ಹಾಕ್ಕೊಂಡು ಆಡ್ತಾರೆ."

ಫಿಂಟನ್‌ನ ಎದೆಯ ಮೇಲಿನ ಬಂಡೆ ಇಳಿಯಿತು. "ಹಾಗಾದ್ರೆ ನಾನು ಜಾಗ ಉಳಿಸ್ಕೊಂಡೆ ಅನ್ನಿ, ಧಣಿ?"

"ನೀನಾ?" ಧಣಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಲ್ಲಯ್ಯಾ, ನಿನ್ನನ್ನ ಇಟ್ಕೊಂಡಿದ್ದು ಆ ಕಲ್ಲಿನಂಥ ಕೈಗೋಸ್ಕರ. ಆ ಕೈಯನ್ನ ಈಗ ನಾನೇ ಡಜನ್‌ಗಟ್ಟಲೆ ಹೊಲಿಸಬಲ್ಲೆನಲ್ಲ! ನಾಳೆಯಿಂದ ಎಡ್ಗರ್ ಆಡ್ತಾನೆ. ಎಲ್ಲಿ, ಬಿಚ್ಚಿ ಕೊಡು ಅದನ್ನ. ಅವನ ಕೈಗೆ ಸರಿಹೋಗುತ್ತಾ ನೋಡೋಣ."

ಎಡ್ಗರ್ ಮೂಗೊರೆಸಿಕೊಂಡು ಕೈ ಚಾಚಿದ. ಊರೆಲ್ಲ ಸುತ್ತ ನೆರೆದು ನೋಡುತ್ತಿತ್ತು. ಫಿಂಟನ್ ತನ್ನ ಕೈ ನೋಡಿಕೊಂಡ. ಹೊಲಿಗೆ ಹೊನೋರಾಳದು, ಎಳೆತ ತಾತನದು, ಬಣ್ಣ ಬರ್‌ನದು. ಒಳಗೆ ಮಿಡಿಯುತ್ತಿದ್ದ ನೋವು ಮಾತ್ರ ಸ್ವಂತದ್ದು. ಅವನು ಆ ಕೈಯನ್ನು ನಿಧಾನವಾಗಿ ಮುಷ್ಟಿ ಕಟ್ಟಿ ಜೇಬಿಗಿಳಿಸಿದ.

"ಕೊಡಲ್ಲ," ಎಂದ.