ನಾನು ತಾಳ ಹಾಕಿದ ಪಿಟೀಲು ಕಛೇರಿ

ಪಿಟೀಲು ಕೇಳುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆಯಲ್ಲೇ ಕಳೆದ ಜನವರಿಯ ಆ ಶನಿವಾರದವರೆಗೆ ಬದುಕಿದ್ದೆ. ನಾನು ಉಡುಪಿ ಕಡೆಯವನು. ಕಛೇರಿಗಳಲ್ಲಿ ಮೊದಲ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತ ಬೆಳೆದವನು. ಕೋಲ್ಕತ್ತಕ್ಕೆ ಬಂದು ಲೇಕ್ ಮಾರ್ಕೆಟಿನ ಹತ್ತಿರ ಇಡ್ಲಿ-ದೋಸೆಯ ಹೋಟೆಲು ಇಟ್ಟು ಇಪ್ಪತ್ತೆರಡು ವರ್ಷವಾದರೂ ಆ ತಾಳ ತೊಡೆಯಿಂದ ಇಳಿದಿಲ್ಲ. ನಮ್ಮಲ್ಲಿ ತಾಳ ಹಾಕದೆ ಕೂರುವುದು ಕಲಾವಿದರಿಗೆ ಮಾಡುವ ಅವಮಾನ. ‘ಭಲೇ’ ಎನ್ನದಿರುವುದು ಅದಕ್ಕಿಂತ ದೊಡ್ಡ ಅವಮಾನ.

ಆ ಸಂಜೆ ನಡೆದದ್ದನ್ನು ಏನೂ ಬಿಡದೆ, ಏನೂ ಸೇರಿಸದೆ ಬರೆಯುತ್ತೇನೆ.

ನನ್ನ ಮಗಳು ಅನಘಾಳಿಗೆ ಹದಿನಾಲ್ಕು ವರ್ಷ. ಆರು ವರ್ಷದಿಂದ ದತ್ತ ಸರ್ ಎಂಬವರ ಬಳಿ ಪಾಶ್ಚಾತ್ಯ ಪದ್ಧತಿಯ ಪಿಟೀಲು ಕಲಿಯುತ್ತಿದ್ದಾಳೆ. ಯುರೋಪಿನಿಂದ ಬಂದಿದ್ದ ಮಹಾ ಪಿಟೀಲುವಾದಕರೊಬ್ಬರು ಶನಿವಾರ ವಾದ್ಯವೃಂದದ ಜೊತೆ ನುಡಿಸಿ, ಭಾನುವಾರ ಬೆಳಿಗ್ಗೆ ನಾಲ್ಕು ವಿದ್ಯಾರ್ಥಿಗಳ ನುಡಿಕೆ ಕೇಳಿ ತಿದ್ದುವವರಿದ್ದರು. ಮೂರು ಹೆಸರು ನಿಶ್ಚಯವಾಗಿತ್ತು. ನಾಲ್ಕನೆಯದು ಅನಘಾಳೋ ಇನ್ನೊಬ್ಬ ಹುಡುಗಿಯೋ ಎಂಬುದನ್ನು ದತ್ತ ಸರ್ ಶನಿವಾರದ ಕಛೇರಿ ಮುಗಿದ ಮೇಲೆ ಹೇಳುವವರಿದ್ದರು. ಒಂದು ವಾರದಿಂದ ಮಗು ಸರಿಯಾಗಿ ಊಟ ಮಾಡಿರಲಿಲ್ಲ. ಹೋಟೆಲಿನವನ ಮಗಳು!

ಮೆಟ್ರೋದಲ್ಲಿ ಅವಳು ನನಗೆ ನಿಯಮಗಳನ್ನು ಬೋಧಿಸಿದಳು.

“ಪಪ್ಪಾ, ಪ್ಲೀಸ್. ತಾಳ ಹಾಕ್ಬೇಡಿ. ಭಲೇ ಗಿಲೇ ನೋ. ಈ ಪೀಸಿಗೆ ತ್ರೀ ಪಾರ್ಟ್ಸ್. ಮೂರೂ ಮುಗಿದ್ಮೇಲೆ ಮಾತ್ರ ಕ್ಲ್ಯಾಪ್. ಮಧ್ಯ ಕ್ಲ್ಯಾಪ್ ಮಾಡಿದ್ರೆ ಐ ವಿಲ್ ಡೈ.”

“ಎಂತ ಸಂಗೀತ ಅದು, ಶವಯಾತ್ರೆಯಾ?” ಎಂದೆ.

ಹೆಂಡತಿ ವಸಂತಿ ನನ್ನತ್ತ ನೋಡದೆಯೇ ಹೇಳಿದಳು: “ನಿಮಗೆ ಮೂರರವರೆಗೆ ಎಣಿಸ್ಲಿಕ್ಕೆ ಬರ್ತದಲ್ಲ ಮಾರಾಯ್ರೆ? ಅಷ್ಟೇ ಮಾಡಿ.”

ಬರುತ್ತದೆ ಎಂದೆ. ಆತ್ಮವಿಶ್ವಾಸದಿಂದಲೇ ಎಂದೆ!

ಎಸ್ಪ್ಲನೇಡಿನಲ್ಲಿ ಇಳಿದು ಸಭಾಂಗಣಕ್ಕೆ ನಡೆದೆವು. ನಮಗೆ ಮೂರನೇ ಸಾಲು. ನನ್ನ ಎದುರಿನ ಕುರ್ಚಿಯಲ್ಲಿ ಮಂಕಿ ಟೋಪಿ ಹಾಕಿದ ಯಾರೋ ಒಬ್ಬರು. ಅನಘಾ ವಿದ್ಯಾರ್ಥಿಗಳ ಜೊತೆ ಪಕ್ಕದ ಸಾಲಿಗೆ ಹೋದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು, ಅವುಗಳ ಮೇಲೆ ಕೂತೆ.

ಪಿಟೀಲುವಾದಕರು ನುಡಿಸಲು ತೊಡಗಿದರು. ಸುಳ್ಳು ಹೇಳುವುದಿಲ್ಲ, ಅಂಥದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಮಾನು ಒಂದು ತುದಿಗೆ ಹೋಗಿ ತಿರುಗಿ ಬರುವುದು ಕಣ್ಣಿಗೆ ಕಾಣುತ್ತಿತ್ತು, ತಿರುಗಿದ ಜಾಗ ಕಿವಿಗೆ ಸಿಗುತ್ತಿರಲಿಲ್ಲ. ಆಮೇಲೆ ಆ ಕಮಾನು ತಂತಿಯ ಮೇಲೆ ಪುಟಿಯತೊಡಗಿತು. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ಕುಣಿಯುತ್ತವಲ್ಲ, ಹಾಗೆ. ಒಂದೊಂದು ಹನಿಯೂ ಬೇರೆ ಬೇರೆ, ಒಂದೂ ಲೆಕ್ಕ ತಪ್ಪಲಿಲ್ಲ.

ಕೈಗಳು ನನ್ನ ಅಡಿಯಲ್ಲಿ ಒದ್ದಾಡಿದವು. ನಾನು ಬಿಡಲಿಲ್ಲ. ಆದರೆ ಕಾಲಿನ ಬಗ್ಗೆ ಮಗಳು ಏನೂ ಹೇಳಿರಲಿಲ್ಲ. ಹೆಬ್ಬೆರಳು ಶೂ ಒಳಗೇ ಶುರುಮಾಡಿತು, ಹಿಮ್ಮಡಿ ಸೇರಿಕೊಂಡಿತು, ಮೊಣಕಾಲು ಬೆಂಬಲ ಸೂಚಿಸಿತು. ಆ ಹಳೆಯ ಸಭಾಂಗಣದ ಕುರ್ಚಿಗಳೆಲ್ಲ ಒಂದಕ್ಕೊಂದು ಜೋಡಿಸಿದಂಥವು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಇಡೀ ಸಾಲು ಆದಿತಾಳದಲ್ಲಿ ಅಲುಗತೊಡಗಿತು.

ಐದು ಕುರ್ಚಿ ಆಚೆ ಇದ್ದ ಅಜ್ಜಿಯೊಬ್ಬರು ಶಾಲು ಅವಚಿಕೊಂಡು ಪಿಸುಗುಟ್ಟಿದರು: “ಭೂಮಿಕಂಪೋ ನಾಕಿ?”

ಭೂಕಂಪ ನಾನು! ವಸಂತಿ ನನ್ನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು. ಭೂಮಿ ಶಾಂತವಾಯಿತು.

ಮೊದಲ ಭಾಗ ಮುಗಿಯಿತು. ನಿಶ್ಶಬ್ದ. ಮರುಕ್ಷಣ ಇಡೀ ಸಭೆ ಕೆಮ್ಮಿತು! ಅರ್ಧ ಗಂಟೆಯಿಂದ ತಡೆದಿಟ್ಟ ಕೋಲ್ಕತ್ತದ ಚಳಿಗಾಲದ ಕೆಮ್ಮು. ಇವರಲ್ಲಿ ಮಧ್ಯೆ ಕೆಮ್ಮಬಹುದು, ಮೆಚ್ಚಬಾರದು. ನಾನು ಬೆರಳು ಮಡಿಚಿದೆ: ಒಂದು.

ಎರಡನೆಯದು ನಿಧಾನಕ್ಕೆ ಹೋಗುತ್ತಾ ಹೋಗುತ್ತಾ ಒಂದು ಕಡೆ ಇದ್ದಕ್ಕಿದ್ದಂತೆ ಓಟಕ್ಕೆ ತೊಡಗಿತು. ಆ ಓಟದ ನಡುವೆ ‘ಟಣ್’ ಎಂದು ಅವರ ಪಿಟೀಲಿನ ತಂತಿ ಕಡಿಯಿತು.

“ಅಯ್ಯೋ, ತಂತಿ!”

ಕೂಗಿದವನು ನಾನೇ. ಎಂಟುನೂರು ತಲೆಗಳು ತಿರುಗಿದವು. ವೇದಿಕೆಯ ಮೇಲಿನ ಆ ಮಹಾನುಭಾವರೊಬ್ಬರೇ ತಿರುಗಲಿಲ್ಲ. ಎಡಗಡೆ ಕೂತಿದ್ದ ವಾದ್ಯವೃಂದದ ಮುಖ್ಯ ಪಿಟೀಲುಗಾರನತ್ತ ಕೈ ಚಾಚಿದರು, ಅವನು ತನ್ನ ಪಿಟೀಲು ಕೊಟ್ಟ, ಇವರು ಮುಂದುವರಿಸಿದರು. ತಂತಿ ಕಡಿದ ಪಿಟೀಲು ಪಂಕ್ತಿಯಲ್ಲಿ ಸಾರಿನ ಬಕೆಟು ದಾಟಿಸುವ ಹಾಗೆ ಕೈಯಿಂದ ಕೈಗೆ ಹಿಂದಕ್ಕೆ ಹೋಯಿತು. ಹೋದ ಕಾಲ ತಾಳದ ಎರಡೇ ಅಕ್ಷರ. ಇದಕ್ಕೆ ನಾನು ಪ್ರಮಾಣ ಮಾಡಿ ಸಾಕ್ಷಿ ಹೇಳಬಲ್ಲೆ, ಏಕೆಂದರೆ ವಸಂತಿಗೆ ತಿಳಿಯದಂತೆ ಇನ್ನೊಂದು ಕಾಲಿನಲ್ಲಿ ತಾಳ ನಡೆದೇ ಇತ್ತು. ಪರರ ವಾದ್ಯ, ಪರಿಚಯವಿಲ್ಲದ ತಂತಿ. ಆದರೂ ಸ್ವರ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಸಂಗೀತ ನಿಂತಿತು. ನಾನು ಬೆರಳು ಮಡಿಚಿದೆ: ಎರಡು.

ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಾ ಎದ್ದು ನಿಂತಿತು!

ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ನಗರದ ಓದಿದ ಜನ, ಮೂರರವರೆಗೆ ಎಣಿಸಲು ಬರುವುದಿಲ್ಲವೇ? ಹಿಂದಿನವರತ್ತ ತಿರುಗಿ ತುಟಿಗೆ ಬೆರಳಿಟ್ಟು “ಶ್!” ಎಂದೆ. ಎದುರಿನ ಮಂಕಿ ಟೋಪಿಯವರ ಕೋಟು ಹಿಡಿದು ಕೆಳಕ್ಕೆ ಎಳೆದೆ. “ಸಿಟ್ ಡೌನ್, ಪ್ಲೀಸ್! ಒನ್ ಮೋರ್ ಪಾರ್ಟ್!”

ಅವರು ದೊಪ್ಪನೆ ಕೂತರು. ಟೋಪಿ ಜಾರಿತು. ದತ್ತ ಸರ್!

ಇಡೀ ಸಭೆ ನಿಂತಿರುವಾಗ ಕೂತಿದ್ದವರು ನಾವಿಬ್ಬರೇ. ಮಹಾ ಪಿಟೀಲುವಾದಕರು ಎಲ್ಲ ದಿಕ್ಕಿಗೂ ಬಾಗಿ, ಕೊನೆಗೆ ನಮ್ಮಿಬ್ಬರನ್ನು ನೋಡಿ, ‘ಎಲ್ಲಿ ತಪ್ಪಾಯಿತು’ ಎನ್ನುವ ಹಾಗೆ ಒಂದು ಕ್ಷಣ ನಿಂತರು.

“ಮಿಸ್ಟರ್ ರಾವ್,” ದತ್ತ ಸರ್ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು, “ಎರಡನೆಯದೂ ಮೂರನೆಯದೂ ನಡುವೆ ನಿಲ್ಲಿಸದೆ ಒಟ್ಟಿಗೆ ನುಡಿಸುವಂಥವು. ಈಗ ನಾನು ಏಳಬಹುದೇ?”

ಹೊರಗೆ ಬಾಗಿಲ ಬಳಿ ನಾನೂ ವಸಂತಿಯೂ ನಿಂತೆವು. ದೂರದಲ್ಲಿ ಅನಘಾ ದತ್ತ ಸರ್ ಎದುರು ಕೈ ಆಡಿಸುತ್ತಾ ಏನೋ ಹೇಳುತ್ತಿದ್ದಳು. ಆರು ವರ್ಷದ ಅಭ್ಯಾಸವನ್ನು ಅರ್ಧ ನಿಮಿಷದಲ್ಲಿ ತಿಂದುಹಾಕಿದೆನಲ್ಲ ಎಂದುಕೊಂಡೆ. ಅವಳು ಓಡಿ ಬಂದಳು.

“ಐ ಗಾಟ್ ಇಟ್! ನಾಳೆ ಹತ್ತು ಗಂಟೆ!”

“ಸರ್ ಬೈಲಿಲ್ವಾ?” ವಸಂತಿ ಕೇಳಿದಳು.

“ಪ್ರಾಮಿಸ್ ಮಾಡಿದೆ. ಪಪ್ಪ ರೂಮೊಳಗೆ ಬರೂದಿಲ್ಲ ಅಂತ.”

ನ್ಯಾಯವಾದ ಒಪ್ಪಂದ. ಒಪ್ಪಿದೆ.

ಭಾನುವಾರ ವಸಂತಿಯೂ ಮಗಳೂ ಒಳಗೆ ಹೋದರು. ಮುಚ್ಚಿದ ಬಾಗಿಲ ಹೊರಗೆ, ಅದನ್ನು ಕಾಯುವ ದರ್ವಾನನ ಪಕ್ಕ ಬೆಂಚಿನ ಮೇಲೆ ನಾನು. ದರ್ವಾನ್ ಬಿಹಾರದ ಕಡೆಯ ಹಿರಿಯರು, ಮರ್ಯಾದಸ್ಥರು. ನಮ್ಮಿಬ್ಬರ ಮಾತು ಹಿಂದಿಯಲ್ಲಿ. ಕೂರಲಾಗದೆ ಎದ್ದೆ, ನಿಲ್ಲಲಾಗದೆ ಕೂತೆ. ಒಳಗಿನಿಂದ ಪಿಟೀಲು ಕೇಳಿಸಿತು. ತಡವರಿಸಿತು, ಕಿರುಗುಟ್ಟಿತು, ನಿಂತಿತು, ಪುನಃ ಮೊದಲಿನಿಂದ.

“ಪಾಪ, ಯಾರ ಮಗುವೋ,” ಎಂದೆ. “ಮನೆಯಲ್ಲಿ ಅಭ್ಯಾಸವಿಲ್ಲ. ಇದರಲ್ಲಿ ಮಗುವಿನ ತಪ್ಪಿಲ್ಲ ಭಾಯಿಸಾಬ್, ಎಲ್ಲಾ ಅಪ್ಪನದೇ ತಪ್ಪು.”

ಅಷ್ಟರಲ್ಲಿ ಅದೇ ಸಾಲು ಮತ್ತೆ ಕೇಳಿತು. ಆದರೆ ಈಗ ಬೇರೆಯೇ! ಉಸಿರು ಬಿಟ್ಟಷ್ಟು ಸಲೀಸಾಗಿ ಸ್ವರ ಮೇಲೇರಿ, ಅಲ್ಲೇ ತೆಳ್ಳಗೆ ನಿಂತು, ಕಾಣದಂತೆ ಕರಗಿತು. ನಾನು ಎದ್ದು ನಿಂತೆ.

“ಭಲೇ! ಇದು ನನ್ನ ಮಗಳು!”

ದರ್ವಾನ್ ಕೂಡ ಎದ್ದು ನಿಂತು ನನ್ನ ಕೈ ಕುಲುಕಿದರು.

ಬಾಗಿಲು ತೆರೆದು ವಸಂತಿ ಹೊರಗೆ ಬಂದಳು. ಮುಖ ಅರಳಿತ್ತು.

“ಕೇಳ್ತಾ? ಮೊದಲು ನಮ್ಮ ಅನಘಾ ನುಡಿಸಿದ್ದು. ಹೆದರಿ ಸ್ವಲ್ಪ ತಡವರಿಸಿದ್ಳು. ಮತ್ತೆ ನೋಡಿ, ಅವ್ರು ಅವ್ಳದ್ದೇ ಪಿಟೀಲು ತಗೊಂಡು ಅದೇ ಸಾಲು ನುಡಿಸಿ ತೋರಿಸಿದ್ರು! ಅಬ್ಬಾ ಮಾರಾಯ್ರೆ, ಎಂತಾ ಕೈ ಅದು!”

ದರ್ವಾನನಿಗೆ ಕನ್ನಡ ಬರುವುದಿಲ್ಲ. ಆದರೆ ವಸಂತಿ ಮಾತಾಡುವುದು ಎರಡೂ ಕೈಗಳಿಂದ. ಮಗಳು ತಡವರಿಸಿದ್ದು, ಅವರು ಪಿಟೀಲು ತಗೊಂಡು ನುಡಿಸಿದ್ದು, ಎಲ್ಲ ಆ ಕೈಗಳಲ್ಲೇ ಇತ್ತು. ಅವರು ಅವಳ ಕೈಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಿಧಾನವಾಗಿ ಕೂತರು.

“ನೀವು ಹೇಳಿದ್ದು ನಿಜ ಸಾಹೇಬ್ರೇ,” ಎಂದರು. “ಮಗುವಿನ ತಪ್ಪೇನೂ ಇಲ್ಲ.”