ಒಗ್ಗರಣೆಯ ಪಾಸ್‌ವರ್ಡ್

ನಂಜನಗೂಡಿನ ನಮ್ಮ ಸೋದರಮಾವ ಬೀಗ ಹಾಕಿ ಎಳೆದು ನೋಡುತ್ತಾರೆ. ಆಮೇಲೆ ಎಳೆದ ಕೈಯ ಮೇಲೇ ಅನುಮಾನಪಡುತ್ತಾರೆ! ಹಾಲಿನವನ ಲೀಟರನ್ನೂ ಡಾಕ್ಟರ ಥರ್ಮಾಮೀಟರನ್ನೂ ನಂಬದ ಇವರು ಕ್ರಿಪ್ಟೊ ಕೊಂಡರು ಎಂದರೆ ನೀವು ನಂಬುತ್ತೀರಾ?

"ಬ್ಯಾಂಕಲ್ಲಿ ಮ್ಯಾನೇಜರ್ ಇರ್ತಾನೆ ಕಣ್ಲಾ. ಇದ್ರಲ್ಲಿ ಯಾರೂ ಇಲ್ಲ, ಅದ್ಕೇ ನಂಬ್ದೆ" ಎಂದರು.

ಮೊಬೈಲಿನ ವ್ಯಾಲೆಟ್ಟು ಹನ್ನೆರಡು ಇಂಗ್ಲಿಷ್ ಪದ ತೋರಿಸಿ, ಫೋನ್ ಹಾಳಾದರೆ ಇವೇ ಕೀಲಿಕೈ ಎಂದಿತು. ಬರೆದಿಡುವುದೇ? ಯಾರಾದರೂ ಓದಿಬಿಟ್ಟರೆ! ಆರನ್ನು ಮಾವ ಬಾಯಿಪಾಠ ಮಾಡಿದರು. ಉಳಿದ ಆರನ್ನು ಅತ್ತೆಗೆ ತೋರಿಸಿ, ತಾವು ಕಣ್ಣು ಮುಚ್ಚಿಕೊಂಡರು. ಅತ್ತೆ ಅವನ್ನು ಒಗ್ಗರಣೆಗೆ ಜೋಡಿಸಿಕೊಂಡರು: ಸಾಸಿವೆಗೊಂದು ಪದ, ಕರಿಬೇವಿಗೊಂದು, ಇಂಗಿಗೆ ಇನ್ನೊಂದು. ದಿನವೂ ಚಟಪಟ ಶುರುವಾಗಿ ಅತ್ತೆ ಪದಗಳನ್ನು ಗೊಣಗತೊಡಗಿದೊಡನೆ ಮಾವ ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದರು. ಯಾಕೆ ಮಾವ ಎಂದರೆ, "ನನ್ ಬಾಯಿ ಮ್ಯಾಲೆ ನಂಗೇ ನಂಬ್ಕೆ ಇಲ್ಲ ಕಣ್ಲಾ!"

ಆಗಬಾರದ್ದು ಆಯಿತು. ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು, ಬರೆಯುವ ಕೈಯೂ ಬಿದ್ದುಹೋಯಿತು. ಮಾತು ಬರಲೆಂದು ಹರಕೆ ಹೊತ್ತ ಮಾವ ಕಪಿಲೆಯಲ್ಲಿ ಮುಳುಗಲು ಹೋದರು. ದಡದಲ್ಲಿ ಫೋನ್ ಇಟ್ಟರೆ ಕಳ್ಳರಿರುತ್ತಾರಲ್ಲ! ಸೊಂಟಕ್ಕೆ ಸಿಕ್ಕಿಸಿಕೊಂಡೇ ಮುಳುಗಿದರು. ಮಾವ ಎದ್ದರು, ಫೋನ್ ಏಳಲಿಲ್ಲ.

ನನ್ನ ಫೋನಿನಿಂದ ಹುಡುಕಿದಾಗ ಇಂಟರ್‌ನೆಟ್ಟಿನಲ್ಲಿ ಸಿಕ್ಕವನೊಬ್ಬ, ವ್ಯಾಲೆಟ್ಟಿನ ದುಡ್ಡು ಖಂಡಿತ ತೆಗೆದುಕೊಡುತ್ತೇನೆ, ನಿಮ್ಮ ಆರು ಪದವನ್ನೂ ಅಡ್ವಾನ್ಸನ್ನೂ ಕಳಿಸಿ ಎಂದ. "ಕಳ್ಳ!" ಎಂದು ಮಾವ ಫೋನ್ ಕಟ್ ಮಾಡಿದರು. ಸರಿಯಾಗಿಯೇ ಹೇಳಿದರು ಬಿಡಿ. ಆಮೇಲೆ ನಾನೇ ಅವರನ್ನು ಮೈಸೂರಿನಲ್ಲಿ ಈ ಕೆಲಸ ಬಲ್ಲವನೊಬ್ಬನ ಬಳಿ ಕರೆದೊಯ್ದೆ.

"ಒಂದೆರಡು ಪದ ಮರ್ತಿದ್ರೆ ಕಂಪ್ಯೂಟರಲ್ಲಿ ಹುಡುಕ್ಬೋದು ಸಾ. ಅರ್ಧಕ್ಕರ್ಧ ಇಲ್ಲ ಅಂದ್ರೆ ಯಾರ ಕೈಲೂ ಆಗಲ್ಲ" ಎಂದ ಆತ, ಫೀಸನ್ನೂ ಬೇಡವೆಂದ.

ಹೊರಗೆ ಬಂದ ಮಾವ ನನ್ನ ಕಿವಿಯಲ್ಲಿ ಉಸುರಿದರು: "ಕಾಸೇ ಬ್ಯಾಡ ಅಂದ. ಇವ್ನು ಇನ್ನೂ ದೊಡ್ ಕಳ್ಳ!"

ಅಂದಿನಿಂದ ಮಾವನೇ ರಿಕವರಿ ಸರ್ವಿಸ್ ಶುರುಮಾಡಿದರು. ಅತ್ತೆಯನ್ನು ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಪದ ಬಂದೀತೆಂದು ದಿನವೂ ತಾವೇ ಒಗ್ಗರಣೆ ಹಾಕತೊಡಗಿದರು. ದುಡ್ಡಿನಾಸೆ ಈ ಮನುಷ್ಯನಿಗೆ ಎಷ್ಟಪ್ಪಾ ಎಂದು ನನಗೂ ಅನುಮಾನ ಬಂತು, ಅಂಟುರೋಗ ನೋಡಿ!

ಮೊನ್ನೆ ಟಿ. ನರಸೀಪುರದಿಂದ ನಾನು ಹೋದಾಗಲೂ ಒಲೆಯ ಮೇಲೆ ಬಾಣಲೆಯಿತ್ತು. ಸಾಸಿವೆ ಸಿಡಿಯಿತು. ಅತ್ತೆಯ ತುಟಿ ಅಲುಗಿತು. ನಾನು ಉಸಿರು ಬಿಗಿಹಿಡಿದು ಇಂಗ್ಲಿಷ್ ಪದಕ್ಕೆ ಕಾದೆ.

"ಥೂ... ಸೀ... ಸೀದೋಯ್ತು!" ಎಂದರು ಅತ್ತೆ.

"ಅದು ಆ ಪದ ಅಲ್ವಲ್ಲ ಮಾವ" ಎಂದೆ. ಮಾವನಿಗೆ ಕೇಳಿಸಲೇ ಇಲ್ಲ. ಸೌಟು ಹಿಡಿದುಕೊಂಡೇ ನೆಲಕ್ಕೆ ಕುಸಿದು, ಅತ್ತೆಯ ಮೊಣಕಾಲಿಗೆ ಮುಖವಿಟ್ಟು ಅಳುತ್ತಿದ್ದರು.

"ಇನ್ನೊಂದ್ಸಲ ಬಯ್ಯಮ್ಮಿ" ಎಂದರು.