ಪೆಟ್ರೋಲ್ ಬಂಕಿನ ತನಕ

ಲಿಂಗಣ್ಣನಿಗೆ ಸಕ್ಕರೆ ಕಾಯಿಲೆ ಬಂದದ್ದು ಅವನ ತಪ್ಪಲ್ಲ. ಆದರೆ ಶಹಾಪುರದಂಥ ಊರಲ್ಲಿ ಇದ್ದುಕೊಂಡು, ಅದು ಇಳಿಯಲೆಂದು ಬೆಳಿಗ್ಗೆ ಬೆಳಿಗ್ಗೆ ನಡೆಯಲು ಹೊರಟನಲ್ಲ, ಅದು ತಪ್ಪಾಯಿತು.

ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ದಿನಾ ಒಂದಿಷ್ಟು ನಡೆಯಬೇಕು, ಸಿಹಿ ಮುಟ್ಟಬಾರದು, ನಡೆಯುವಾಗ ಫೋನನ್ನು ಮನೆಯಲ್ಲೇ ಬಿಡಬೇಕು, ತಲೆಗೂ ಆರಾಮ ಸಿಗುತ್ತದೆ. ಇಷ್ಟು ಸಣ್ಣ ರೂಢಿ ಮಾಡಿಕೊಂಡರೆ ಸಾಕು, ಇಲ್ಲವೆಂದರೆ ದಿನಾ ಸೂಜಿ. ಪಾತ್ರೆ ಅಂಗಡಿಯಲ್ಲಿ ದೊಡ್ಡ ಹಂಡೆಗಳನ್ನು ಒಬ್ಬನೇ ಎತ್ತಿಡುವ ಲಿಂಗಣ್ಣನಿಗೆ ಸೂಜಿಯ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುತ್ತಿದ್ದವು. ಹಾಗಾಗಿ ಅವತ್ತು ಮುಂಜಾನೆ, ಸುರಪುರದ ರಸ್ತೆಯಲ್ಲಿ ಊರ ಹೊರಗಿರುವ ಪೆಟ್ರೋಲ್ ಬಂಕಿನ ತನಕ ಹೋಗಿ ಬರುವುದೆಂದು, ಕಾಯಿಲೆಯ ಸುದ್ದಿ ಹೆಂಡತಿಗೂ ಹೇಳದೆ, ಫೋನು ಬಿಟ್ಟು ಹೊರಟ.

ಓಣಿ ದಾಟುವಷ್ಟರಲ್ಲಿ ಗೊಬ್ಬರದ ಅಂಗಡಿಯ ಭಾಗಣ್ಣ ಪಕ್ಕಕ್ಕೆ ಬೈಕು ನಿಲ್ಲಿಸಿ ಹತ್ತಲು ಹೇಳಿದ. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಅವನ ತಲೆಗೆ ಹೋಗಲಿಲ್ಲ.

"ಗಾಡಿ ಕೆಟ್ಟದೇನು?"

"ಇಲ್ಲೋ ಮಾರಾಯಾ."

"ಹಂಗಾದ್ರ ಮನ್ಯಾಗ ಏನರ ಆಗ್ಯಾದೇನು?"

ಅವನನ್ನು ಸಾಗಹಾಕಿ ನಾಲ್ಕು ಹೆಜ್ಜೆ ಇಟ್ಟರೆ ಬಾಷುಮಿಯಾನ ಆಟೋ. ಬೇಡವೆಂದರೂ ಬಿಡದೆ, ನಡೆಯುವವನ ಪಕ್ಕದಲ್ಲೇ ಆಟೋವನ್ನು ನಿಧಾನಕ್ಕೆ ಉರುಳಿಸುತ್ತ ಬಂದ. ನಿಮ್ಮ ಹತ್ತಿರ ನಾನು ಬಾಡಿಗೆ ಕೇಳಿದೆನೇ, ನನ್ನ ಆಟೋದಲ್ಲಿ ಕೂತರೆ ನಿಮ್ಮ ಮರ್ಯಾದೆ ಹೋಗುತ್ತದೆಯೇ ಎಂದು ಮುಖ ಊದಿಸಿಕೊಂಡ. ಅವನ ಹಿಂದೆ ಸಗರದ ಬೀಗರ ಟ್ರ್ಯಾಕ್ಟರ್ ನಿಂತಿತು. ಬೀಗರು ಕರೆದರೂ ಹತ್ತದವನೆಂಬ ಮಾತು ಬೇರೆ ಬಂತು. ಅಷ್ಟರಲ್ಲಿ, ಲಿಂಗಣ್ಣನ ಹೆಂಡತಿ ಗೊಲ್ಲಾಳಮ್ಮ ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ ಎಂಬ ಸುದ್ದಿ ಚಹಾದಂಗಡಿ ಮುಟ್ಟಿಯೂ ಆಗಿತ್ತು. ಮನುಷ್ಯ ತನ್ನ ಕಾಲಲ್ಲಿ ತಾನು ನಡೆಯುವುದಕ್ಕೂ ಈ ಊರಲ್ಲಿ ಹತ್ತು ಮಂದಿಗೆ ಉತ್ತರ ಕೊಡಬೇಕು.

ಗೊಬ್ಬರದ ಚೀಲ ಇಳಿಸಿ ಭಾಗಣ್ಣ ತಿರುಗಿ ಬಂದು, ಏನೇ ಜಗಳವಿದ್ದರೂ ತಾನು ನಿಂತು ಬಗೆಹರಿಸುತ್ತೇನೆ ಎಂದಾಗ ಲಿಂಗಣ್ಣನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಹರಕಿ ಅದ ಭಾಗಣ್ಣ. ತಿಂಥಣಿ ಮೌನೇಶ್ವರಗ ನಡಕೋತ ಬರ್ತೀನಂತ ಬೇಡಿಕೊಂಡೀನಿ."

ಭಾಗಣ್ಣ ಬೈಕಿನಿಂದ ಇಳಿದ. ಚಪ್ಪಲಿ ಬಿಟ್ಟ. ಬಗ್ಗಿ ಲಿಂಗಣ್ಣನ ಕಾಲು ಮುಟ್ಟಿದ. ಬಾಷುಮಿಯಾ ಇಂಜಿನ್ನು ಆರಿಸಿ ಕೈ ಮುಗಿದ. ರಸ್ತೆಯೆಲ್ಲ ಖಾಲಿಯಾಗಿ ದಾರಿ ಸಿಕ್ಕಿತು. ಇಷ್ಟು ಸುಲಭವಿತ್ತೇ ಎಂದುಕೊಂಡು ಲಿಂಗಣ್ಣ ಹಾಯಾಗಿ ಕೈಬೀಸಿ ನಡೆದ. ಆದರೆ ಅವನ ಬಾಯಿಂದ ಹೊರಟ ಹರಕೆ ಬೈಕಿನ ಮೇಲೆ ಕೂತು ಅವನಿಗಿಂತ ಮುಂದೆ ಹೋಗಿತ್ತು.

ಬಂಕಿನ ಹತ್ತಿರ ಭಜಿ ಅಂಗಡಿಯ ಕುಬ್ರಾಬೇಗಂ ಬಿಸಿ ಶಿರಾ ತುಂಬಿದ ತಟ್ಟೆ ಹಿಡಿದು ನಿಂತಿದ್ದಳು. ಸಿಹಿ ಒಲ್ಲೆ ಎಂದ ಲಿಂಗಣ್ಣ.

"ನಿಮಗ ಯಾರ ಕೊಡಾಕತ್ಯಾರ್ರಿ? ಇದು ದೇವರಿಗಿ. ಮೌನಪ್ಪಯ್ಯನ ಭಕ್ತಿ ನನಗೂ ಅದ. ಅವನ ಹಾದ್ಯಾಗ ಹೊಂಟವರು ಒಲ್ಲೆ ಅನಬಾರದು."

ತಿಂದ. ಅವಳ ಪಕ್ಕದವರು ಬಾಳೆಹಣ್ಣು ಕೊಟ್ಟರು, ಅವರ ಪಕ್ಕದವರು ಬೆಲ್ಲದ ಪಾನಕ ಕುಡಿಸಿದರು. ಇನ್ನು ಸಾಕೆಂದು ಮನೆಯ ಕಡೆ ತಿರುಗಿದರೆ ಭಾಗಣ್ಣ ಎರಡೂ ಕೈ ಅಡ್ಡ ಚಾಚಿ ನಿಂತಿದ್ದ. ಹರಕೆ ಹೊತ್ತು ಹೊರಟವನು ಹಿಂದಕ್ಕೆ ತಿರುಗುವುದುಂಟೇ ಎಂದು ಹೆಗಲು ಹಿಡಿದು, ಎತ್ತನ್ನು ತಿರುಗಿಸಿದ ಹಾಗೆ ತಿರುಗಿಸಿ ಬಿಟ್ಟ. ತಿಂಥಣಿ ಅಲ್ಲಿಂದ ಎರಡು ದಿನದ ದಾರಿ.

ಹೆಂಡತಿಗೆ ಗೊತ್ತಾದರೆ ಬಂದು ಬೈದು ಕರೆದುಕೊಂಡು ಹೋಗುತ್ತಾಳೆ ಎಂಬ ಒಂದೇ ಆಸೆ ಉಳಿದಿತ್ತು. ಗೊಲ್ಲಾಳಮ್ಮ ಬಂದಳು, ಭಾಗಣ್ಣನ ಬೈಕಿನ ಮೇಲೆಯೇ ಬಂದಳು. ಕೈಯಲ್ಲಿ ಒಂದು ಜೋಡಿ ಧೋತ್ರ, ಒಂದು ಕಂಬಳಿ, ಮಾದಲಿಯ ಬುತ್ತಿ. ಕಣ್ಣ ತುಂಬ ನೀರು.

"ನನ್ನ ಮಣಕಾಲ ನೋವಿಗಿ ಹರಕಿ ಹೊತ್ತೀರಂತ. ಇಷ್ಟ ವರ್ಷದಾಗ ಒಂದ್ ದಿನಾ ಹ್ಯಾಂಗ ಅದ ಅಂತ ಕೇಳಿದವರಲ್ಲ ನೀವು."

ಇದು ಭಾಗಣ್ಣನ ಸ್ವಂತ ಜೋಡಣೆ. ಲಿಂಗಣ್ಣ ಅವನನ್ನು ಕಣ್ಣಲ್ಲೇ ಸುಟ್ಟ. ಆದರೆ ಅಳುತ್ತಿರುವ ಹೆಂಡತಿಗೆ, ನಿನ್ನ ಮೊಣಕಾಲು ನನ್ನ ನೆನಪಿನಲ್ಲೇ ಇರಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಅವಳು ಕಲಸಿ ಕೊಟ್ಟ ಬೆಲ್ಲದ ಮಾದಲಿಯನ್ನು ಅವಳೆದುರೇ ತಿಂದು, ಬುತ್ತಿ ಹೆಗಲಿಗೆ ಹಾಕಿಕೊಂಡು ನಡೆದ.

ಮಧ್ಯಾಹ್ನದ ಹೊತ್ತಿಗೆ ಅಂಗಾಲಲ್ಲಿ ಬೊಬ್ಬೆಗಳು ಎದ್ದಿದ್ದವು. ಬಾಷುಮಿಯಾನ ಖಾಲಿ ಆಟೋ ಬರುವುದು ಕಂಡು ರಸ್ತೆಯ ನಡುವೆಯೇ ನಿಂತು ಕೈ ಮಾಡಿದ. ಬಾಷುಮಿಯಾ ಕೈ ಮುಗಿದು ಬದಿಯಿಂದ ದಾಟಿಸಿಕೊಂಡು ಹೋದ. ಸಗರದ ಬೀಗರ ಟ್ರ್ಯಾಕ್ಟರ್ ಕೂಡ ನಿಲ್ಲಲಿಲ್ಲ, ಬೀಗರು ಕೂತಲ್ಲಿಂದಲೇ ನಮಸ್ಕಾರ ಹಾಕಿದರು. ಒಲ್ಲೆ ಎಂದಾಗ ಎಳೆದಾಡಿದ ಜನ ಬೇಕೆಂದಾಗ ಕೈ ಮುಗಿದು ಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಆಗ ಎದುರಿನಿಂದ ಡಾಕ್ಟರ ಕಾರು ಬಂತು. ಲಿಂಗಣ್ಣನಿಗೆ ಹೋದ ಜೀವ ಬಂದಂತಾಯಿತು. ಇದು ಹರಕೆಯಲ್ಲ, ಔಷಧಿ ಎಂದು ಬಲ್ಲವರು ಲೋಕದಲ್ಲಿ ಅವರೊಬ್ಬರೇ. ಡಾಕ್ಟರು ಇಳಿದು ಎಲ್ಲ ಕೇಳಿದರು, ಚೀಲದಿಂದ ಪುಟ್ಟ ಮಷೀನು ತೆಗೆದು ಬೆರಳಿಗೆ ಚುಚ್ಚಿದರು, ನೋಡಿ ಹುಬ್ಬೇರಿಸಿದರು. ಊರು ಮುಟ್ಟಿದ ಕೂಡಲೇ ಸೂಜಿ ಸುರು ಮಾಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿ, ಸದ್ಯ ಕಾರು ಹತ್ತಿ ಎಂದು ಬಾಗಿಲು ತೆರೆದರು.

ಒಳಗೆ ಅವರ ತಾಯಿ ಕೂತಿದ್ದರು. ತಿಂಥಣಿಗೆ ಹೋಗಿ ಬರುತ್ತಿದ್ದರು. "ಹರಕಿ ಹೊತ್ತವರನ್ನ ಗಾಡ್ಯಾಗ ಹತ್ತಿಸ್ತೀಯೇನೋ, ಯಾ ಪಾಪಕ್ಕ?" ಎಂದು ಮಗನನ್ನು ಗದರಿಸಿದರು. ಪ್ರಸಾದದ ದೊಡ್ಡ ಫೇಡಾ ಒಂದನ್ನು ತಮ್ಮ ಕೈಯಿಂದಲೇ ಲಿಂಗಣ್ಣನ ಬಾಯಿಗೆ ಇಟ್ಟರು. ಡಾಕ್ಟರು ಹೊಲದ ಕಡೆ ನೋಡುತ್ತ ನಿಂತರು.

ಕಾರು ಹೊರಡುವಾಗ ತಾಯಿಯ ಮಾತು ಕೇಳಿಸಿತು.

"ನೋಡಿ ಕಲಿ. ಈ ಹೊಟ್ಟಿ ಹೊತ್ಕೊಂಡು ನೀನೂ ದಿನಾ ಒಂದೀಟು ನಡೀಬಾರದೇನು?"

"ನನಗೆಲ್ಲಿ ಟೈಮ್ ಅದ ಯವ್ವ," ಎಂದು ಡಾಕ್ಟರು ಗಾಜು ಏರಿಸಿಕೊಂಡರು.

ಉಗುಳುವಂತಿಲ್ಲದ ಫೇಡಾ ಬಾಯಲ್ಲಿಟ್ಟುಕೊಂಡು ಲಿಂಗಣ್ಣ ಆ ಕಾರಿನ ಧೂಳು ನೋಡುತ್ತ ನಿಂತ. ಆಮೇಲೆ ನುಂಗಿ, ಕುಂಟುತ್ತ ತಿಂಥಣಿಯ ಕಡೆ ನಡೆದ.